ಮಕ್ಕಳ ಪಾದ: ಶಿಕ್ಷಕರು ಗಮನಿಸಬೇಕಾದದ್ದು

ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗಳು ಮಕ್ಕಳ ಕಣ್ಣು, ಕಿವಿ, ಹಲ್ಲುಗಳನ್ನು ಗಮನಿಸುವಷ್ಟು ಪಾದವನ್ನು ಗಮನಿಸುವುದಿಲ್ಲ. ಆಟದ ಅವಧಿಯಲ್ಲಿ ಮೂಲೆಯಲ್ಲಿ ಕುಳಿತ ಮಗುವಿಗೆ ‘ಆಸಕ್ತಿ ಇಲ್ಲ’ ಎಂದು ದಾಖಲಿಸುವ ಮೊದಲು ಅದರ ನಡಿಗೆಯನ್ನೊಮ್ಮೆ ನೋಡಬೇಕು. ರೋಗ ನಿರ್ಣಯ ಶಿಕ್ಷಕರ ಕೆಲಸವಲ್ಲ. ಕಂಡದ್ದನ್ನು ಮೂರಾಗಿ ವಿಂಗಡಿಸಿದರೆ ಸಾಕು.

1. ಸುಮ್ಮನೆ ಬಿಡಬಹುದಾದದ್ದು

ಒದ್ದೆ ಕಾಲಿನ ಗುರುತು ನೆಲದ ಮೇಲೆ ಪೂರ್ತಿ ಮೂಡಿದರೆ ಪೋಷಕರು ಗಾಬರಿಯಾಗುತ್ತಾರೆ. ಚಿಕ್ಕ ಮಕ್ಕಳ ಪಾದ ಚಪ್ಪಟೆಯಾಗಿರುವುದು ಸಹಜ. ಪಾದದ ಕಮಾನು ಬೆಳೆಯುತ್ತಾ ರೂಪುಗೊಳ್ಳುತ್ತದೆ. ಮಗು ತುದಿಗಾಲಲ್ಲಿ ನಿಂತಾಗ ಕಮಾನು ಕಾಣಿಸಿದರೆ, ನೋವೂ ಇಲ್ಲದಿದ್ದರೆ, ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ದುಬಾರಿ ವಿಶೇಷ ಶೂಗಳೂ ಬೇಕಿಲ್ಲ.

2. ಮನೆ, ಶಾಲೆಯಲ್ಲೇ ಸರಿಪಡಿಸಬಹುದಾದದ್ದು

ಉಗುರನ್ನು ನೇರವಾಗಿ ಕತ್ತರಿಸಬೇಕು. ಮೂಲೆಗಳನ್ನು ಆಳವಾಗಿ ಕತ್ತರಿಸಿದರೆ ಉಗುರು ಮಾಂಸದೊಳಗೆ ಬೆಳೆದು ಕೀವಾಗಬಹುದು. ಬೆರಳ ಸಂದುಗಳನ್ನು ಒರೆಸಿ ಒಣಗಿಸಿದರೆ ಶಿಲೀಂಧ್ರ ಸೋಂಕು ಕಡಿಮೆ. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮದ ಮೂಲಕವೇ ದೇಹ ಸೇರಿ ಮುಂದೆ ರಕ್ತಹೀನತೆಗೆ ಕಾರಣವಾಗುತ್ತವೆ. ಶಾಲೆಯಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆ ಹೊಟ್ಟೆಯಲ್ಲಿರುವ ಹುಳುವನ್ನು ಕೊಲ್ಲುತ್ತದೆ. ಮತ್ತೆ ಸೇರದಂತೆ ತಡೆಯುವುದು ಶೌಚಾಲಯ ಮತ್ತು ಪಾದರಕ್ಷೆ.

ಆದರೆ ಬಿಗಿಯಾದ ಶೂ ಬರಿಗಾಲಿಗಿಂತ ಹೆಚ್ಚು ನೋಯಿಸಬಹುದು. ಶಾಲೆಯಲ್ಲಿ ವಿತರಿಸುವ ಶೂಗಳಿಗೆ ಹಳೆಯ ಅಳತೆಯನ್ನೇ ಬರೆದು ಕಳಿಸಬಾರದು. ಇದನ್ನೇ ಗಣಿತದ ‘ಅಳತೆ’ ಪಾಠದ ಚಟುವಟಿಕೆಯಾಗಿಸಬಹುದು: ಮಗು ಕಾಗದದ ಮೇಲೆ ಎರಡೂ ಕಾಲಿಟ್ಟು ನಿಲ್ಲಲಿ, ಜೊತೆಗಾರ ಗೆರೆ ಎಳೆಯಲಿ, ಹಿಮ್ಮಡಿಯಿಂದ ಅತಿ ಉದ್ದದ ಬೆರಳವರೆಗೆ ಅಳೆಯಲಿ. ದೊಡ್ಡ ಪಾದದ ಅಳತೆಗೆ ಸುಮಾರು 1 ಸೆಂ.ಮೀ. ಸೇರಿಸಿದರೆ ಶೂವಿನ ಒಳಗಿನ ಉದ್ದ ಸಿಗುತ್ತದೆ.

3. ವೈದ್ಯರಿಗೆ ತೋರಿಸಲೇಬೇಕಾದದ್ದು

ಕುಂಟುವಿಕೆ, ಒಂದೇ ಕಾಲಿನ ನೋವು ಅಥವಾ ಊತ, ಸದಾ ತುದಿಗಾಲ ನಡಿಗೆ, ತುದಿಗಾಲಲ್ಲಿ ನಿಂತರೂ ಕಮಾನು ಮೂಡದ ಗಡಸು ಪಾದ. ಸ್ಪರ್ಶ ತಿಳಿಯದ ಮಸುಕಾದ ಮಚ್ಚೆ ಕುಷ್ಠದ ಲಕ್ಷಣವಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧವಿದೆ.

ಹುಟ್ಟುವಾಗಲೇ ಪಾದ ಒಳಮುಖವಾಗಿ ತಿರುಚಿರುವುದನ್ನು ‘ಕ್ಲಬ್‌ಫುಟ್’ ಎನ್ನುತ್ತಾರೆ. ಇದು ಶಾಪವೂ ಅಲ್ಲ, ಗ್ರಹಣದ ಫಲವೂ ಅಲ್ಲ. ಇಗ್ನಾಸಿಯೊ ಪೊನ್ಸೆಟಿ ರೂಪಿಸಿದ ವಿಧಾನದಲ್ಲಿ ವಾರಕ್ಕೊಮ್ಮೆ ಪಟ್ಟು ಬದಲಿಸುತ್ತಾ ಪಾದವನ್ನು ನಿಧಾನವಾಗಿ ತಿರುಗಿಸುತ್ತಾರೆ. ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಸಣ್ಣ ಕೊಯ್ತ ಬೇಕಾಗುತ್ತದೆ. ಆಮೇಲೆ ಸುಮಾರು ನಾಲ್ಕು ವರ್ಷದವರೆಗೆ ಮಲಗುವಾಗ ಬ್ರೇಸ್ ತೊಡಿಸಬೇಕು. ಅದನ್ನು ನಡುವೆ ಬಿಟ್ಟರೆ ಪಾದ ಮತ್ತೆ ತಿರುಚಿಕೊಳ್ಳಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಈ ದೋಷವೂ ಸೇರಿದೆ. ವಿದ್ಯಾರ್ಥಿಯ ಮನೆಯಲ್ಲಿ ಇಂಥ ಕೂಸಿದ್ದರೆ ತಪಾಸಣಾ ತಂಡಕ್ಕೆ ತಿಳಿಸಿ.

ಶಿಕ್ಷಕರ ಪಾದ

ದಿನವಿಡೀ ನಿಲ್ಲುವವರಿಗೆ ಬೆಳಗಿನ ಮೊದಲ ಹೆಜ್ಜೆಯಲ್ಲೇ ಹಿಮ್ಮಡಿ ಚುಚ್ಚುವುದುಂಟು. ಮೆತ್ತನೆಯ ಪಾದರಕ್ಷೆ, ಮೀನಖಂಡ ಮತ್ತು ಅಂಗಾಲನ್ನು ಹಿಗ್ಗಿಸುವ ವ್ಯಾಯಾಮಗಳಿಂದ ಬಹುತೇಕರಿಗೆ ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ. ಮಧುಮೇಹವಿರುವವರಿಗೆ ಮಾತ್ರ ನೋವಿಲ್ಲದಿರುವುದೇ ಅಪಾಯ: ನರಗಳು ಮರಗಟ್ಟಿದಾಗ ಗಾಯವಾದದ್ದೂ ತಿಳಿಯದು. ಪ್ರತಿದಿನ ಅಂಗಾಲು ನೋಡಿಕೊಳ್ಳಬೇಕು, ಆಣಿಯನ್ನು ಬ್ಲೇಡಿನಿಂದ ಕೊಯ್ಯಬಾರದು.

ಕೊನೆಯದಾಗಿ, ಯಾವ ಮಗುವಿನ ಪಾದವನ್ನೂ ತರಗತಿಯ ಮುಂದೆ ತೋರಿಸಿ ಪಾಠ ಮಾಡಬಾರದು. ಕಂಡದ್ದನ್ನು ದಿನಾಂಕದೊಡನೆ ಬರೆದಿಟ್ಟು, ಮಾರ್ಗದರ್ಶಿ ಶಿಕ್ಷಕರ ಮೂಲಕ ಪೋಷಕರಿಗೆ ಖಾಸಗಿಯಾಗಿ ತಿಳಿಸುವುದೇ ಸರಿಯಾದ ಕ್ರಮ.