ಗುರುವಿನ ಸಮಯಕ್ಕೆ ಬೆಲೆ ಕಟ್ಟುವುದು ಹೇಗೆ?

ಒಳ್ಳೆಯ ಗಾಯಕರೆಲ್ಲ ಒಳ್ಳೆಯ ಗುರುಗಳಾಗುವುದಿಲ್ಲ. ವಿದ್ವತ್ತು ಬೇರೆ, ಅದನ್ನು ಮತ್ತೊಬ್ಬರ ಕಂಠಕ್ಕೆ ಇಳಿಸುವ ವಿದ್ಯೆ ಬೇರೆ. ಆದರೆ ಮಕ್ಕಳನ್ನು ಸಂಗೀತದ ತರಗತಿಗೆ ಕಳುಹಿಸುವ ನಮ್ಮ ಮಧ್ಯಮವರ್ಗ ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಜೂನಿಯರ್ ಪರೀಕ್ಷೆಗೆ ಕೂರಿಸುವುದು ಯಾವಾಗ? ವೇದಿಕೆ ಏರಿಸುವುದು ಯಾವಾಗ?

ಕುಂದಗೋಳದ ಸವಾಯಿ ಗಂಧರ್ವರನ್ನು (1886-1952) ನೆನೆಯೋಣ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರ ಈ ಶಿಷ್ಯರ ಬಳಿ ಕಲಿತವರಲ್ಲಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಸೇರಿದ್ದಾರೆ. ಗುರು ಒಬ್ಬರೇ, ಆದರೆ ಮೂವರ ಗಾಯನವನ್ನು ಯಾರೂ ಅದಲುಬದಲು ಮಾಡಿಕೊಳ್ಳಲಾರರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಅಲ್ಲಿ ರಾಗಗಳ ರಾಶಿಯಿರಲಿಲ್ಲ. ಕೆಲವೇ ರಾಗ, ಒಂದೊಂದು ಸ್ವರಪುಂಜದ ಮೇಲೆ ದೀರ್ಘ ಸಾಧನೆ. ಕಾಲಾನಂತರ ಅವರ ದನಿ ಗಂಡುದನಿಯಂತೆ ಗಡುಸಾದಾಗ ಆ ದನಿಯೇ ಅವರ ಗಾಯನದ ಘನತೆಯಾಯಿತು. ಶಿಷ್ಯರನ್ನು ತನ್ನ ನೆರಳಾಗಿಸದೆ ಅವರ ದನಿಯಲ್ಲೇ ಅವರನ್ನು ನಿಲ್ಲಿಸುವುದು ಗುರುವಿನ ಮೊದಲ ಗುಣ.

ಎರಡನೆಯದು, ಇಲ್ಲದ್ದರಲ್ಲಿ ಇರುವುದನ್ನು ಕಾಣುವ ಕಣ್ಣು. ಪಂಚಾಕ್ಷರಿ ಗವಾಯಿಗಳಿಗೆ (1892-1944) ದೃಷ್ಟಿ ಇರಲಿಲ್ಲ. ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳೆರಡನ್ನೂ ಬಲ್ಲ ಅವರು ಅಂಧ, ಅನಾಥ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರು ಅಲ್ಲಿಯೇ ಬೆಳೆದು, ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು 2010ರವರೆಗೆ ನಡೆಸಿದರು. ಸಮಾಜ ಹೊರೆಯೆಂದು ಬಗೆದ ಮಕ್ಕಳಿಗೆ ಕಲೆಯ ಜೊತೆಗೆ ಬದುಕೂ ದೊರೆಯಿತು.

ಮೂರನೆಯದು ತಾಳ್ಮೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲಿಯೇ ಸಮಸ್ಯೆಯ ಮೂಲ ಕಾಣುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರದರ್ಶನ ಕಲೆಗಳ ಸಂಕಟವನ್ನು ವಿವರಿಸಿದ್ದಾರೆ. ಕಾರ್ಖಾನೆಯಲ್ಲಿ ಯಂತ್ರ ಬಂದರೆ ಅದೇ ಕೆಲಸಗಾರ ಹೆಚ್ಚು ಉತ್ಪಾದಿಸುತ್ತಾನೆ; ಆದರೆ ವಾದ್ಯವೃಂದವೊಂದು ಹಳೆಯ ಕೃತಿಯನ್ನು ನುಡಿಸಲು ಅಂದು ಬೇಕಿದ್ದಷ್ಟೇ ಸಮಯ ಇಂದೂ ಬೇಕು. ಸಂಗೀತ ಪಾಠವೂ ಹೀಗೆಯೇ. ಧ್ವನಿಮುದ್ರಿಕೆ ಮಾದರಿ ಒದಗಿಸೀತು, ಅಂತರ್ಜಾಲ ದೂರವನ್ನು ಕಡಿಮೆ ಮಾಡೀತು. ಜಾರಿದ ಗಾಂಧಾರವನ್ನು ಹತ್ತನೆಯ ಸಲವೂ ಬೇಸರಿಸದೆ ತಿದ್ದುವವರು ಗುರುಗಳೇ. ಉಳಿದ ವೃತ್ತಿಗಳ ಆದಾಯ ಏರುತ್ತಿರುವಾಗ ಈ ನಿಧಾನದ ಕೆಲಸ ದುಬಾರಿಯಾಗುವುದು ಸಹಜ. ಆಗ ಗುರು ಜೀವನೋಪಾಯಕ್ಕಾಗಿ ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಬೇಕಾಗುತ್ತದೆ. ನಷ್ಟ ತಿದ್ದುವಿಕೆಗೆ.

ಹಳೆಯ ಗುರುಕುಲವೇ ಮರಳಲಿ ಎಂಬುದು ನನ್ನ ವಾದವಲ್ಲ. ಅಲ್ಲಿ ನೀರು ಹೊರುವ ಚಾಕರಿಯೂ ಇತ್ತು, ಪ್ರಶ್ನಿಸಲಾಗದ ಅಧಿಕಾರವೂ ಇತ್ತು. ಉಳಿಸಿಕೊಳ್ಳಬೇಕಾದದ್ದು ಆ ದೀರ್ಘ ಸಾಮೀಪ್ಯವನ್ನು. ಸರ್ಕಾರಿ ಸೇವೆಯಲ್ಲಿ ನಾನು ಕಂಡ ಕಡತಗಳು ಸಾಮಾನ್ಯವಾಗಿ ದಾಖಲಾತಿ ಮತ್ತು ತೇರ್ಗಡೆಯ ಸಂಖ್ಯೆಯನ್ನೇ ಕೇಳುತ್ತಿದ್ದವು. ಒಬ್ಬ ಶಿಷ್ಯ ಒಬ್ಬ ಗುರುವಿನ ಬಳಿ ಎಷ್ಟು ವರ್ಷ ಉಳಿದನೆಂದು ಕೇಳುತ್ತಿರಲಿಲ್ಲ. ಉತ್ಸವಗಳಿಗೆ ವೆಚ್ಚವಾಗುವ ಹಣದಲ್ಲಿ ಒಂದು ಪಾಲನ್ನು, ಕೆಲವೇ ಶಿಷ್ಯರನ್ನು ವರ್ಷಾನುಗಟ್ಟಲೆ ತಿದ್ದುವ ಗುರುಗಳ ಗೌರವಧನಕ್ಕೂ ಬಡ ಶಿಷ್ಯರ ವೇತನಕ್ಕೂ ಮೀಸಲಿಡಬಾರದೇಕೆ? ಪೋಷಕರೂ ಶುಲ್ಕದೊಡನೆ ಇನ್ನೊಂದನ್ನು ಕೊಡಬೇಕು: ಆತುರವಿಲ್ಲದ ಕೆಲವು ವರ್ಷಗಳನ್ನು.