ಮನೆಯಲ್ಲೇ ಸರ್ವರ್: ಸ್ಥಾಪಿಸಿದ ಮೇಲೆ ಕಾಪಾಡುವುದು ಹೇಗೆ?

ಮದುವೆ-ಮುಂಜಿಗಳ ಛಾಯಾಚಿತ್ರಗಳು, ಅಗಲಿದ ಹಿರಿಯರ ಧ್ವನಿ, ಆಸ್ತಿಪತ್ರಗಳ ಪ್ರತಿಗಳು - ನಮ್ಮ ಕುಟುಂಬಗಳ ನೆನಪಿನ ಭಂಡಾರ ಇಂದು ಬಹುಮಟ್ಟಿಗೆ ಕಡತಗಳ ರೂಪದಲ್ಲಿದೆ. ಗೂಗಲ್ ಫೋಟೋಸ್ ತನ್ನ ಮಿತಿಯಿಲ್ಲದ ಉಚಿತ ಸಂಗ್ರಹವನ್ನು 2021ರ ಜೂನ್ 1ರಂದು ನಿಲ್ಲಿಸಿತು. ಇವನ್ನೆಲ್ಲ ನಮ್ಮ ಮನೆಯ ಗಣಕಯಂತ್ರದಲ್ಲೇ ಏಕೆ ಇರಿಸಿಕೊಳ್ಳಬಾರದು ಎಂಬ ಪ್ರಶ್ನೆ ಏಳುವುದು ಸಹಜ. 8 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಅಳವಡಿಸಿ, ಛಾಯಾಚಿತ್ರಗಳಿಗೆ ಇಮ್ಮಿಚ್, ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಹಾಡು-ಚಲನಚಿತ್ರಗಳಿಗೆ ಜೆಲ್ಲಿಫಿನ್ ಎಂಬ ಮುಕ್ತ ತಂತ್ರಾಂಶಗಳನ್ನು ಸ್ಥಾಪಿಸಲು ಒಂದೆರಡು ಸಂಜೆಗಳು ಸಾಕು. ವರ್ಷಾನುಗಟ್ಟಲೆ ಅವನ್ನು ಕಾಪಾಡುವುದೇ ನಿಜವಾದ ಹೊಣೆ.

ಈ ಸುಲಭತೆಗೆ ಕಾರಣ ‘ಕಂಟೇನರ್’ ಎಂಬ ವ್ಯವಸ್ಥೆ. ಒಂದೊಂದು ತಂತ್ರಾಂಶಕ್ಕೂ ಬೇಕಾದ ಪೂರಕ ಸಾಮಗ್ರಿ ಬೇರೆ ಬೇರೆ. ಎಲ್ಲವನ್ನೂ ಒಂದೇ ಕಡೆ ತುಂಬಿದರೆ ಪರಸ್ಪರ ಘರ್ಷಣೆ ತಪ್ಪದು. ಕಂಟೇನರಿನಲ್ಲಿ ತಂತ್ರಾಂಶವೂ ಅದರ ಸಾಮಗ್ರಿಯೂ ಒಂದೇ ಕಟ್ಟಿನಲ್ಲಿ ಬರುತ್ತವೆ. ಲಿನಕ್ಸಿನ ಕರ್ನೆಲನ್ನು ಎಲ್ಲ ಕಂಟೇನರುಗಳೂ ಹಂಚಿಕೊಳ್ಳುವುದರಿಂದ ಯಂತ್ರಕ್ಕೆ ಭಾರ ಕಡಿಮೆ. 2013ರಲ್ಲಿ ಹೊರಬಂದ ಡಾಕರ್ ಈ ವಿಧಾನವನ್ನು ಜನಪ್ರಿಯಗೊಳಿಸಿತು.

ಕಂಟೇನರ್ ಮದುವೆಗೆ ತಂದ ಬಾಡಿಗೆಯ ಪಾತ್ರೆಯಿದ್ದಂತೆ. ಹೊಸ ಆವೃತ್ತಿ ಬಂದಾಗ ಹಳೆಯದನ್ನು ಅಳಿಸಿ ಹೊಸದನ್ನು ನಿರ್ಮಿಸಲಾಗುತ್ತದೆ. ಹಳೆಯದರ ಒಳಗೆ ಬರೆದಿಟ್ಟದ್ದೆಲ್ಲ ಅದರೊಡನೆಯೇ ಹೋಗುತ್ತದೆ. ಆದುದರಿಂದ ಚಿತ್ರಗಳನ್ನೂ ದತ್ತಸಂಚಯವನ್ನೂ ಕಂಟೇನರಿನ ಹೊರಗೆ, ನಾವೇ ಗೊತ್ತುಪಡಿಸಿದ ಫೋಲ್ಡರಿನಲ್ಲಿ ಅಥವಾ ‘ವಾಲ್ಯೂಮ್’ನಲ್ಲಿ ಇರಿಸಬೇಕು. ಅಲ್ಲಿಯೂ ಎಚ್ಚರ ಅಗತ್ಯ: ‘ಡಾಕರ್ ಕಂಪೋಸ್ ಡೌನ್’ ಆಜ್ಞೆ ಕಂಟೇನರನ್ನು ತೆಗೆದರೂ ವಾಲ್ಯೂಮುಗಳನ್ನು ಉಳಿಸುತ್ತದೆ, ಅದಕ್ಕೆ ‘ಮೈನಸ್ ವಿ’ ಸೇರಿಸಿದರೆ ವಾಲ್ಯೂಮುಗಳೂ ಅಳಿಯುತ್ತವೆ.

ಆವೃತ್ತಿಯ ವಿಷಯದಲ್ಲಿ ಅವಸರ ಸಲ್ಲದು. ‘ಲೇಟೆಸ್ಟ್’ ಎಂದು ಬರೆದರೆ ಯಾವ ದಿನ ಯಾವ ಆವೃತ್ತಿ ಬಂದು ಕೂರುವುದೋ ತಿಳಿಯದು. ನಿರ್ದಿಷ್ಟ ಸಂಖ್ಯೆಯನ್ನೇ ನಮೂದಿಸಿ, ಬದಲಾವಣೆಗಳ ಟಿಪ್ಪಣಿಯನ್ನು ಓದಿ, ಬ್ಯಾಕಪ್ ತೆಗೆದ ಬಳಿಕವೇ ಮುಂದುವರಿಯುವುದು ಕ್ಷೇಮ. ಉದಾಹರಣೆಗೆ, ಪೋಸ್ಟ್‌ಗ್ರೆಸ್ ದತ್ತಸಂಚಯದ 14ನೆಯ ಆವೃತ್ತಿಯ ಕಡತಗಳನ್ನು 16ನೆಯದು ನೇರವಾಗಿ ಓದಲಾರದು. ಸಂಖ್ಯೆ ಬದಲಿಸಿದ ಮಾತ್ರಕ್ಕೆ ಸೇವೆ ಆರಂಭವಾಗುವುದಿಲ್ಲ.

ಭದ್ರತೆಯಲ್ಲಿ ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. ಉಬುಂಟುವಿನ ಯುಎಫ್‌ಡಬ್ಲ್ಯು ರಕ್ಷಣಾಗೋಡೆಯಲ್ಲಿ ಪೋರ್ಟ್ ಒಂದನ್ನು ಮುಚ್ಚಿದ್ದರೂ, ಅದನ್ನು ಡಾಕರ್ ಪ್ರಕಟಿಸಿದ್ದರೆ ತೆರೆದೇ ಇರುತ್ತದೆ. ಡಾಕರ್ ತನ್ನ ನಿಯಮಗಳನ್ನು ನೇರವಾಗಿ ಐಪಿಟೇಬಲ್ಸ್‌ನಲ್ಲಿ ಬರೆಯುವುದೇ ಇದಕ್ಕೆ ಕಾರಣ. ಹೊರಗಿನಿಂದ ಬಳಸಬೇಕಾದಾಗ ರೌಟರಿನಲ್ಲಿ ಒಂದೊಂದು ಸೇವೆಗೂ ಬಾಗಿಲು ತೆರೆಯುವ ಬದಲು, 2020ರಿಂದ ಲಿನಕ್ಸ್ ಕರ್ನೆಲಿನ ಅಂಗವಾಗಿರುವ ವೈರ್‌ಗಾರ್ಡ್‌ನಂತಹ ಖಾಸಗಿ ಸುರಂಗಮಾರ್ಗ ಉತ್ತಮ. ಅದಕ್ಕೆ ಮೊದಲು, ನಮ್ಮ ಅಂತರಜಾಲ ಸಂಪರ್ಕಕ್ಕೆ ಸಾರ್ವಜನಿಕ ವಿಳಾಸವಿದೆಯೇ ಎಂದು ವಿಚಾರಿಸಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಬ್ಯಾಕಪ್. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ - ಇದು ಬಹುಕಾಲದಿಂದ ಮಾನ್ಯವಾದ ಸೂತ್ರ. ಒಂದು ಡಿಸ್ಕನ್ನು ಊರಿನ ಮನೆಯಲ್ಲೋ ಬೇರೆ ನಗರದ ಬಂಧುಗಳಲ್ಲೋ ಇರಿಸಿದರೆ ಬೆಂಕಿ, ನೆರೆ, ಕಳ್ಳತನಗಳಿಂದ ರಕ್ಷಣೆ ದೊರೆಯುತ್ತದೆ. ಎರಡು ಡಿಸ್ಕುಗಳಿಗೆ ಏಕಕಾಲಕ್ಕೆ ಬರೆಯುವ ರೇಡ್ ವ್ಯವಸ್ಥೆಯನ್ನು ಬ್ಯಾಕಪ್ ಎಂದು ನಂಬಬಾರದು. ಕೈತಪ್ಪಿ ಅಳಿಸಿದ ಚಿತ್ರ ಎರಡರಲ್ಲೂ ಅಳಿಯುತ್ತದೆ. ಚಾಲನೆಯಲ್ಲಿರುವ ದತ್ತಸಂಚಯದ ಕಡತಗಳನ್ನು ಸುಮ್ಮನೆ ನಕಲಿಸಿದರೆ ಪ್ರತಿ ಕೆಟ್ಟಿರಬಹುದು. ‘ಪಿಜಿ-ಡಂಪ್’ನಂತಹ ಸಾಧನವನ್ನೇ ಬಳಸಬೇಕು. ವರ್ಷಕ್ಕೊಮ್ಮೆಯಾದರೂ ಬೇರೊಂದು ಯಂತ್ರದಲ್ಲಿ ಎಲ್ಲವನ್ನೂ ಮರಳಿ ತೆರೆದು ನೋಡುವುದು ಅಗತ್ಯ.

ಕೊನೆಯದಾಗಿ, ಈ ಕೆಲಸ ಮನೆಯ ಒಬ್ಬರಿಗೆ ಮಾತ್ರ ತಿಳಿದಿರುವುದು ಅಪಾಯಕರ. ಯಾವ ಸೇವೆ ಎಲ್ಲಿದೆ, ಬ್ಯಾಕಪ್ ಎಲ್ಲಿದೆ, ಗುಪ್ತಪದಗಳು ಯಾರಲ್ಲಿವೆ ಎಂಬುದನ್ನು ಕನ್ನಡದಲ್ಲಿಯೇ ಒಂದು ಪುಸ್ತಕದಲ್ಲಿ ಬರೆದು, ಮನೆಯ ಮತ್ತೊಬ್ಬರ ಕೈಯಲ್ಲಿ ಒಮ್ಮೆ ಸರ್ವರನ್ನು ನಿಲ್ಲಿಸಿ ಮತ್ತೆ ಆರಂಭಿಸಿ ನೋಡೋಣ. ನಾವು ಊರಲ್ಲಿಲ್ಲದ ದಿನವೂ ಅಜ್ಜಿಯ ಧ್ವನಿ ಮಕ್ಕಳಿಗೆ ಕೇಳಿಸಬೇಕಲ್ಲವೇ?