ಬೆಂಕಿ ಬರುವ ದಿನ ದನಕರುಗಳನ್ನೇನು ಮಾಡುವುದು?

2009ರ ಫೆಬ್ರವರಿ 7, ಶನಿವಾರ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ರಾಜಧಾನಿ ಮೆಲ್ಬರ್ನ್‌ನಲ್ಲಿ ಅಂದು ಉಷ್ಣತೆ 46.4 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಹಿಂದಿನ ವಾರವೇ ಸತತ ಮೂರು ದಿನ 43 ಡಿಗ್ರಿ ದಾಟಿ, ಹುಲ್ಲು ಸೊಪ್ಪೆಲ್ಲ ಹಪ್ಪಳದಂತೆ ಒಣಗಿ ನಿಂತಿತ್ತು. ಖಂಡದ ಒಳನಾಡಿನ ಮರುಭೂಮಿಯಿಂದ ಬೆಂಕಿಯಂಥ ಗಾಳಿ ಬೀಸುತ್ತಿತ್ತು. ಮಧ್ಯಾಹ್ನಕ್ಕೆ ಇನ್ನೇನು ಕಾಲು ಗಂಟೆ ಇರುವಾಗ ಕಿಲ್ಮೋರ್ ಈಸ್ಟ್ ಎಂಬ ಕಡೆ ವಿದ್ಯುತ್ ತಂತಿಯೊಂದು ಹರಿದು ಬಿತ್ತು. ಕಿಡಿ ಹುಲ್ಲಿಗೆ ತಗುಲಿತು. ಸಂಜೆಯ ಹೊತ್ತಿಗೆ ಕಿಂಗ್‌ಲೇಕ್, ಸ್ಟ್ರಾತ್‌ಈವನ್ ಮೊದಲಾದ ಗುಡ್ಡದ ಊರುಗಳು ಉರಿಯುತ್ತಿದ್ದವು. ಬೇರೆಡೆ ಹತ್ತಿದ ಇನ್ನೊಂದು ಬೆಂಕಿ ಮೇರೀಸ್‌ವಿಲ್ ಎಂಬ ಚೆಂದದ ಪೇಟೆಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನುಂಗಿತು.

ಆ ದಿನಕ್ಕೆ ಅಲ್ಲಿಯವರು 'ಕಪ್ಪು ಶನಿವಾರ' ಎಂದೇ ಹೆಸರಿಟ್ಟಿದ್ದಾರೆ. ಸತ್ತವರು 173 ಮಂದಿ. ಸುಟ್ಟ ಮನೆಗಳು ಎರಡು ಸಾವಿರಕ್ಕೂ ಹೆಚ್ಚು. ಸುಟ್ಟ ನೆಲ ಸುಮಾರು ನಾಲ್ಕೂವರೆ ಲಕ್ಷ ಹೆಕ್ಟೇರು. ಇದರಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವ ಅಂಕಿ ಬೇರೊಂದಿದೆ: ಸತ್ತ 173 ಜನರಲ್ಲಿ 113 ಮಂದಿ ಮನೆಯೊಳಗೇ ಸತ್ತರು.

ಹಾಗಾದರೆ ಅವರೇಕೆ ಮನೆ ಬಿಟ್ಟು ಹೊರಡಲಿಲ್ಲ? ಕಾರಣ ಒಂದೇ ಅಲ್ಲ. 1983ರ 'ಬೂದಿ ಬುಧವಾರ'ದ ಬೆಂಕಿಯಲ್ಲಿ 75 ಮಂದಿ ಸತ್ತ ಮೇಲೆ ಅಲ್ಲಿನ ಅಗ್ನಿಶಾಮಕರು ಜನರಿಗೆ ಒಂದು ಪಾಠ ಹೇಳುತ್ತ ಬಂದಿದ್ದರು: ಒಂದೋ ಸಿದ್ಧತೆ ಮಾಡಿಕೊಂಡು ಮನೆಯಲ್ಲೇ ನಿಂತು ಕಾಪಾಡಿಕೊಳ್ಳಿ, ಇಲ್ಲವೇ ಬೇಗ ಹೊರಟುಬಿಡಿ. ಕೊನೇ ಗಳಿಗೆಯಲ್ಲಿ ರಸ್ತೆಗಿಳಿಯುವುದೇ ಎಲ್ಲಕ್ಕಿಂತ ಅಪಾಯ ಎಂಬುದು ಅದರ ತಿರುಳು. ಸಾಮಾನ್ಯ ಬೆಂಕಿಗೆ ಈ ಮಾತು ಸರಿಯೇ. ಆದರೆ ಅಂದಿನದು ಸಾಮಾನ್ಯ ಬೆಂಕಿಯಾಗಿರಲಿಲ್ಲ. ಅನೇಕರು 'ನೋಡೋಣ' ಎಂದು ಕಾದರು. ಕಾದವರಿಗೆ ಬೆಂಕಿ ಕಾಣಿಸಿದಾಗ ಹೊರಡುವ ದಾರಿಯೇ ಉಳಿದಿರಲಿಲ್ಲ.

ಕಾಯುವವರಲ್ಲಿ ಹಳ್ಳಿಗಾಡಿನವರಿಗೆ ಇನ್ನೊಂದು ಕಾರಣವೂ ಇರುತ್ತದೆ. ಕೊಟ್ಟಿಗೆಯಲ್ಲಿ ದನ, ಹುಲ್ಲುಗಾವಲಿನಲ್ಲಿ ಕುರಿ, ಲಾಯದಲ್ಲಿ ಕುದುರೆ, ಅಂಗಳದಲ್ಲಿ ನಾಯಿ, ಮಂಚದ ಕೆಳಗೆ ಬೆಕ್ಕು. ಇವನ್ನೆಲ್ಲ ಬಿಟ್ಟು ಹೇಗೆ ಹೋಗುವುದು? ಹಸು ಕಟ್ಟಿದ ಮನೆಯಲ್ಲಿ ಬೆಳೆದ ಯಾರಿಗೂ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಕಿಯ ನಡೆ

ಸಿದ್ಧತೆಯ ಮಾತಿಗೆ ಮೊದಲು ಬೆಂಕಿ ಹೇಗೆ ನಡೆಯುತ್ತದೆಂದು ತಿಳಿಯಬೇಕು. ವಿಜ್ಞಾನ ಓದುವ ಮಕ್ಕಳಿಗೆ ಇದು ರುಚಿಸುವ ಭಾಗ. ನೆಲ ಹತ್ತು ಡಿಗ್ರಿಯಷ್ಟು ಏರುಮುಖವಾಗಿದ್ದರೆ ಬೆಂಕಿಯ ವೇಗ ಸುಮಾರು ಎರಡರಷ್ಟಾಗುತ್ತದೆ. ಇನ್ನು ಹತ್ತು ಡಿಗ್ರಿ ಏರಿದರೆ ಮತ್ತೆ ಇಮ್ಮಡಿ. ಜ್ವಾಲೆ ಮೇಲಿನ ಇಳಿಜಾರಿನ ಹುಲ್ಲು ಪೊದೆಗಳಿಗೆ ಹತ್ತಿರವಾಗಿ, ಅವನ್ನು ಮೊದಲೇ ಕಾಯಿಸಿ ಒಣಗಿಸಿಬಿಡುವುದೇ ಇದಕ್ಕೆ ಕಾರಣ. ಗುಡ್ಡದ ನೆತ್ತಿಯ ಮೇಲೆ ಸೊಗಸಾದ ನೋಟವಿರುವ ಮನೆ ಬೆಂಕಿಯ ಪಾಲಿಗೆ ಸುಲಭದ ತುತ್ತು.

ಎರಡನೆಯದು ಗಾಳಿ ತಿರುಗುವುದು. ಬೆಂಕಿ ಗಾಳಿಯ ದಿಕ್ಕಿಗೆ ಉದ್ದನೆಯ ಪಟ್ಟಿಯಂತೆ ಸಾಗುತ್ತದೆ; ಅದರ ತಲೆ ಕಿರಿದು, ಪಕ್ಕೆ ಉದ್ದ. ಕಪ್ಪು ಶನಿವಾರದ ಸಂಜೆ ನೈಋತ್ಯದಿಂದ ತಂಪು ಗಾಳಿ ಬೀಸಿತು. ಸೆಖೆಯಲ್ಲಿ ಬೆಂದವರು ಅಬ್ಬಾ ಎನ್ನುವಷ್ಟರಲ್ಲಿ ಬೆಂಕಿಯ ಆ ಉದ್ದನೆಯ ಪಕ್ಕೆಯೇ ತಲೆಯಾಗಿ, ಹತ್ತಾರು ಮೈಲಿ ಅಗಲದ ಉರಿಯ ಗೋಡೆ ಕಿಂಗ್‌ಲೇಕ್ ಕಡೆ ತಿರುಗಿತು.

ಮೂರನೆಯದು ಕೆಂಡದ ಮಳೆ. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆನ್ನುವ ನೀಲಗಿರಿ ಮರ ನಮಗೆಲ್ಲ ಗೊತ್ತು. ಅದರ ತವರು ಆಸ್ಟ್ರೇಲಿಯ. ಎಲೆಯಲ್ಲಿ ಎಣ್ಣೆ, ಕಾಂಡದ ಮೇಲೆ ರಿಬ್ಬನ್ನಿನಂತೆ ಸುಲಿದು ಜೋಲುವ ತೊಗಟೆ. ಹೊತ್ತಿಕೊಂಡ ತೊಗಟೆ ಬಿಸಿಗಾಳಿಯಲ್ಲಿ ಮೇಲೆದ್ದು ಬಹುದೂರ ಹಾರಿ ಬೀಳುತ್ತದೆ. ಕಪ್ಪು ಶನಿವಾರದಂದು 30 ಕಿಲೋಮೀಟರಿಗೂ ಆಚೆ ಹೊಸ ಬೆಂಕಿ ಹತ್ತಿಸಿದ ಕಿಡಿಗಳಿದ್ದವು. ಮನೆಗಳು ಸುಡುವುದು ಹೆಚ್ಚಾಗಿ ಎದುರು ಬಂದ ಜ್ವಾಲೆಯಿಂದಲ್ಲ, ಹಂಚಿನ ಸಂದಿಗೆ, ಮಳೆನೀರಿನ ದೋಣಿಯಲ್ಲಿ ಕೊಳೆತ ಎಲೆಗೆ, ಬಾಗಿಲ ಮುಂದಿನ ಕಾಲೊರಸಿಗೆ ಬಿದ್ದ ಇಂಥ ಕೆಂಡದಿಂದ.

ಆದ್ದರಿಂದಲೇ ಬೇಸಗೆಗೆ ಮುಂಚೆ ಅಲ್ಲಿನ ಹಳ್ಳಿಮನೆಗಳಲ್ಲಿ ನಡೆಯುವ ಕೆಲಸ ನೋಡಿದರೆ ನಮ್ಮ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ನಡೆಯುವ ಗಡಿಬಿಡಿ ನೆನಪಾಗುತ್ತದೆ. ಮಳೆನೀರಿನ ದೋಣಿಯ ಕಸ ತೆಗೆಯುವುದು, ಹುಲ್ಲು ಸವರುವುದು, ಸೌದೆಯನ್ನು ಗೋಡೆಯಿಂದ ದೂರ ಒಟ್ಟುವುದು, ಗ್ಯಾಸ್ ಸಿಲಿಂಡರಿನ ವಾಲ್ವು ಮನೆಯ ಕಡೆ ಮುಖ ಮಾಡದಂತೆ ತಿರುಗಿಸುವುದು. ವಿಕ್ಟೋರಿಯದ ಹಳ್ಳಿಗಾಡಿನ ಅಗ್ನಿಶಾಮಕ ಸಂಸ್ಥೆ ಕಂಟ್ರಿ ಫೈರ್ ಅಥಾರಿಟಿ. 1945ರಲ್ಲಿ ಆರಂಭವಾದ ಇದರಲ್ಲಿ ಬಹುಪಾಲು ಕೆಲಸ ಮಾಡುವವರು ಸಂಬಳವಿಲ್ಲದ ಊರಿನ ಜನರೇ. ನಿಂತು ಮನೆ ಕಾಪಾಡುತ್ತೇನೆನ್ನುವವನ ಬಳಿ ಕನಿಷ್ಠ 10,000 ಲೀಟರ್ ಸ್ವಂತ ನೀರಿರಲಿ ಎನ್ನುತ್ತದೆ ಈ ಸಂಸ್ಥೆ. ನಲ್ಲಿಯನ್ನು ನೆಚ್ಚುವಂತಿಲ್ಲ. ಬೆಂಕಿ ಬಂದಾಗ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ವಿದ್ಯುತ್ ಪಂಪು. ಪ್ಲಾಸ್ಟಿಕ್ ಕೊಳವೆ ಕರಗಿ ಹೋಗುತ್ತದೆ. ಪೆಟ್ರೋಲು ಅಥವಾ ಡೀಸೆಲ್ ಪಂಪು, ಕಾಂಕ್ರೀಟಿನ ಇಲ್ಲವೇ ತಗಡಿನ ತೊಟ್ಟಿ ಇದ್ದರೆ ಮಾತ್ರ ನೀರು ನಿಮ್ಮದು.

ಕುದುರೆಗಳ ಲೆಕ್ಕ

ಈಗ ಪ್ರಾಣಿಗಳ ವಿಷಯ. ಇಲ್ಲಿ ಭಾವನೆಗಿಂತ ಲೆಕ್ಕ ಮುಖ್ಯ. ಒಂದು ಮನೆಯಲ್ಲಿ ಐದು ಕುದುರೆಗಳಿವೆ ಎನ್ನಿ. ಕಾರಿನ ಹಿಂದೆ ಕಟ್ಟುವ ಕುದುರೆಗಾಡಿಯಲ್ಲಿ (ಅಲ್ಲಿಯವರು ಅದಕ್ಕೆ 'ಫ್ಲೋಟ್' ಎನ್ನುತ್ತಾರೆ) ಎರಡಕ್ಕೆ ಮಾತ್ರ ಜಾಗ. ಸುರಕ್ಷಿತ ಊರು ಒಂದು ಗಂಟೆಯ ದಾರಿ. ಮೂರು ಸಲ ಹೋಗಬೇಕು, ನಡುವೆ ಎರಡು ಸಲ ವಾಪಸು ಬರಬೇಕು. ಅಲ್ಲಿಗೆ ಐದು ಗಂಟೆ. ಹತ್ತಿಸಲು ಪ್ರತಿ ಸಲ ಅರ್ಧ ಗಂಟೆ ಹಿಡಿದರೂ ಒಟ್ಟು ಆರೂವರೆ ಗಂಟೆ. ಬೆಳಿಗ್ಗೆ ಏಳಕ್ಕೆ ಆರಂಭಿಸಿದರೆ ಮುಗಿಯುವುದು ಮಧ್ಯಾಹ್ನ ಒಂದೂವರೆಗೆ. ಕಿಲ್ಮೋರ್‌ನ ತಂತಿ ಹರಿದದ್ದು 11.45ಕ್ಕೆ! ಹೊಗೆ ಕಂಡ ಮೇಲೆ ಹೊರಡುತ್ತೇನೆನ್ನುವವನ ಲೆಕ್ಕ ಎಲ್ಲಿ ತಪ್ಪುತ್ತದೆಂದು ಹೈಸ್ಕೂಲಿನ ಹುಡುಗಿಯೂ ಹೇಳಿಯಾಳು.

ಅದಕ್ಕೇ ತಿಳಿದವರು ಮುಂಚಿನ ದಿನವೇ ಸಾಗಿಸುತ್ತಾರೆ. ಅಷ್ಟೇ ಸಾಲದು, ಗಾಡಿ ಹತ್ತದ ಕುದುರೆಯನ್ನು ಹೊಗೆಯ ವಾಸನೆಯ ನಡುವೆ ಹತ್ತಿಸಲು ಯಾರಿಂದಲೂ ಆಗದು. ಬೇಸಗೆಗೆ ಮುಂಚೆ, ಹಗಲಲ್ಲೂ ರಾತ್ರಿಯಲ್ಲೂ, ಒಂದಿಷ್ಟು ಧಾನ್ಯ ತೋರಿಸಿ ಹತ್ತಿಸಿ ಇಳಿಸಿ ಅಭ್ಯಾಸ ಮಾಡಿಸಬೇಕು. ಬಾಯಿಗೆ ಕಟ್ಟುವ ಮುಖವಾಡದಂಥ ಪಟ್ಟಿ ಚರ್ಮದ್ದೋ ಹತ್ತಿಯದೋ ಆಗಿರಬೇಕು. ನೈಲಾನಾದರೆ ಕಾದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮನುಷ್ಯರಿಗೂ ಇದೇ ನಿಯಮ: ಹೊರಡುವಾಗ ಎಷ್ಟೇ ಸೆಖೆಯಿರಲಿ, ಮೈತುಂಬ ಹತ್ತಿಯ ಇಲ್ಲವೇ ಉಣ್ಣೆಯ ಬಟ್ಟೆ, ಚರ್ಮದ ಬೂಟು. ಪಾಲಿಯೆಸ್ಟರ್ ಬೇಡ.

ಸಾವಿರ ಕುರಿಗಳಿರುವ ರೈತನದು ಬೇರೆ ಮಾತು. ಅವನ್ನು ಲಾರಿಗೆ ತುಂಬಿ ಸಾಗಿಸಲು ಆ ದಿನ ಲಾರಿ ಸಿಗುವುದಿಲ್ಲ. ಆತ ಬೇಸಗೆ ಶುರುವಾಗುವ ಮುಂಚೆಯೇ ಒಂದು ಹೊಲವನ್ನು ಆರಿಸಿ, ಕುರಿ ದನಗಳನ್ನು ಬಿಟ್ಟು ಬೋಳಾಗಿ ಮೇಯಿಸಿಡುತ್ತಾನೆ. ಸುಡಲು ಏನೂ ಇಲ್ಲದ ನೆಲವೇ ಪ್ರಾಣಿಗೆ ಕೋಟೆ. ಉತ್ತ ಹೊಲವೂ ಆದೀತು. ಅಲ್ಲಿ ಧಾರಾಳವಾಗಿ ನೀರು. ಅಪಾಯದ ಮುನ್ಸೂಚನೆ ಬಂದೊಡನೆ ಪ್ರಾಣಿಗಳನ್ನು ಅಲ್ಲಿಗೆ ಅಟ್ಟಿ, ಒಳಗಿನ ಗೇಟುಗಳನ್ನೆಲ್ಲ ತೆರೆದು, ರಸ್ತೆಯ ಕಡೆಯ ಗೇಟನ್ನು ಮಾತ್ರ ಭದ್ರವಾಗಿ ಮುಚ್ಚಿ ಹೊರಡುತ್ತಾನೆ. ಪ್ರಾಣಿಗಳನ್ನು ರಸ್ತೆಗೆ ಬಿಟ್ಟರೆ ಹೊಗೆಯಲ್ಲಿ ಬರುವ ಕಾರು, ಅಗ್ನಿಶಾಮಕ ಲಾರಿಗಳಿಗೆ ಅಡ್ಡ ಬಂದು ಇಬ್ಬರಿಗೂ ಅಪಾಯ. ಕೊಟ್ಟಿಗೆಯಲ್ಲಿ ಕೂಡಿ ಹಾಕುವುದಂತೂ ಕೂಡದು. ಹುಲ್ಲು ಒಟ್ಟಿದ ಕೊಟ್ಟಿಗೆಗಿಂತ ಬೇಗ ಹೊತ್ತುವುದು ಮತ್ತಾವುದಿದೆ? ಹುಲ್ಲನ್ನೂ ಒಂದೇ ಕಡೆ ಒಟ್ಟದೆ ಎರಡು ಮೂರು ಕಡೆ ಹಂಚಿಡುತ್ತಾರೆ. ಒಂದು ಮೆದೆ ಹೋದರೆ ಇನ್ನೊಂದಾದರೂ ಉಳಿಯಲಿ ಎಂದು.

ಕೋಳಿ, ಬೆಕ್ಕುಗಳ ವಿಷಯ ಕೇಳಿದರೆ ನಗು ಬರಬಹುದು. ಆದರೆ ಅವಸರದಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವ ಪ್ರಾಣಿ ಬೆಕ್ಕು. ಮನೆಯಲ್ಲಿ ಗದ್ದಲ ಕಂಡರೆ ಸಾಕು, ಅದು ಅಡಗಿ ಕೂರುತ್ತದೆ. ಮುಂಚಿನ ರಾತ್ರಿಯೇ ಅದನ್ನು ಒಂದು ಕೋಣೆಯಲ್ಲಿ ಕೂಡಿ, ಬೆಳಗಾದೊಡನೆ ಪೆಟ್ಟಿಗೆಗೆ ಹಾಕಬೇಕು. ಕೋಳಿಗಳನ್ನು ಹಿಡಿಯುವುದೂ ಅವು ಗೂಡು ಸೇರಿದ ಕತ್ತಲಲ್ಲೇ ಸುಲಭ. ಇದನ್ನು ನಮ್ಮ ಅಜ್ಜಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಾಯಿಗೆ ಹಗ್ಗ, ಕೊರಳಪಟ್ಟಿಯಲ್ಲಿ ಫೋನ್ ನಂಬರು. ಕುದುರೆಯ ಗೊರಸಿನ ಮೇಲೋ ಮೈಮೇಲೋ ಬಣ್ಣದಲ್ಲಿ ನಂಬರು ಬರೆಯುವುದುಂಟು. ದನಗಳಿಗೆ ಕಿವಿಯೋಲೆ ಇದ್ದೇ ಇರುತ್ತದೆ. ನಮ್ಮಲ್ಲೂ ಈಗ ಹಸುಗಳ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ ಕಾಣುತ್ತೇವಲ್ಲ, ಅದೇ ಬಗೆಯದು.

ಹೊರಟು ಉಳಿದ ಊರು

ಕಪ್ಪು ಶನಿವಾರದ ನಂತರ ನೇಮಕವಾದ ರಾಯಲ್ ಕಮಿಷನ್ ಹಳೆಯ ಪಾಠವನ್ನು ತಿದ್ದಿತು. ಅತಿ ಭೀಕರ ದಿನಗಳಲ್ಲಿ ಎಷ್ಟೇ ಸಿದ್ಧತೆಯಿದ್ದರೂ ಮನೆ ಕಾಪಾಡಲು ನಿಲ್ಲಬೇಡಿ, ಬೆಂಕಿ ಹುಟ್ಟುವ ಮುಂಚೆಯೇ ಹೊರಡಿ ಎಂಬುದು ಈಗಿನ ನಿಯಮ. 2022ರ ಸೆಪ್ಟೆಂಬರ್‌ನಿಂದ ಇಡೀ ದೇಶಕ್ಕೆ ಅಪಾಯದ ನಾಲ್ಕೇ ಮೆಟ್ಟಿಲು: ಸಾಧಾರಣ, ಹೆಚ್ಚು, ತೀವ್ರ, ಮಹಾದುರಂತ. ಹಸಿರು, ಹಳದಿ, ಕಿತ್ತಳೆ, ಕಡುಗೆಂಪು. ಹಳ್ಳಿ ರಸ್ತೆಗಳ ಬದಿಯಲ್ಲಿ ಅರ್ಧಚಂದ್ರಾಕಾರದ ಫಲಕ ನಿಲ್ಲಿಸಿ, ಅಂದಿನ ಬಣ್ಣಕ್ಕೆ ಮುಳ್ಳು ತಿರುಗಿಸಿರುತ್ತಾರೆ. ಮುಳ್ಳು ಕಡುಗೆಂಪಿನಲ್ಲಿದ್ದ ದಿನ ಅಪಾಯದ ಪಟ್ಟಿಯಲ್ಲಿರುವ ಶಾಲೆಗಳು ತೆರೆಯುವುದಿಲ್ಲ.

ಹೊರಟರೆ ಏನಾಗುತ್ತದೆ ಎಂಬುದಕ್ಕೆ ವೈ ರಿವರ್ ಎಂಬ ಕಡಲತಡಿಯ ಊರಿದೆ. 2015ರ ಡಿಸೆಂಬರ್ 19ರಂದು ಹತ್ತಿರದ ಕಾಡಿಗೆ ಸಿಡಿಲು ಬಡಿದು ಬೆಂಕಿ ಹತ್ತಿತು. ಕ್ರಿಸ್‌ಮಸ್ ದಿನ ಅದು ಊರಿನತ್ತ ತಿರುಗಿತು. ಹಬ್ಬದೂಟವನ್ನು ಹಾಗೇ ಬಿಟ್ಟು ಹೊರಡಿ ಎಂದರೆ ಯಾರಿಗೆ ಮನಸ್ಸು ಬಂದೀತು? ಆದರೂ ಹೊರಟರು. ಆ ಊರೂ ಪಕ್ಕದ ಇನ್ನೊಂದೂ ಸೇರಿ 116 ಮನೆ ಸುಟ್ಟವು. ಒಂದು ಜೀವವೂ ಹೋಗಲಿಲ್ಲ.

ಹೊರಡುವವರ ಚೀಲದಲ್ಲಿ ಔಷಧಿ, ಕನ್ನಡಕ, ಪಾಸ್‌ಪೋರ್ಟು, ವಿಮೆಯ ಕಾಗದ, ಬ್ಯಾಟರಿ ರೇಡಿಯೊ, ನೀರು, ಉಣ್ಣೆ ಕಂಬಳಿ. ಕಾರಿನ ತೊಟ್ಟಿ ತುಂಬಿರಬೇಕು, ಮುಖ ರಸ್ತೆಯ ಕಡೆಗಿರಬೇಕು. ಮರ ಬಿದ್ದು ಒಂದು ದಾರಿ ಮುಚ್ಚಬಹುದಾದ್ದರಿಂದ ಎರಡು ದಾರಿ ಗೊತ್ತಿರಬೇಕು. ಯಾವ ಸೂಚನೆ ಬಂದಾಗ ಹೊರಡುವುದು, ಯಾರ ಮನೆಗೆ ಹೋಗುವುದು, ಯಾವ ಮಗು ಯಾವ ಪ್ರಾಣಿಯನ್ನು ನೋಡಿಕೊಳ್ಳುವುದು ಎಂಬುದನ್ನೆಲ್ಲ ಮುಂಚೆಯೇ ಕೂತು ಮಾತಾಡಿ ಕಾಗದದ ಮೇಲೆ ಬರೆದಿಡಿ ಎಂದು ಅಗ್ನಿಶಾಮಕರು ಪದೇಪದೇ ಹೇಳುತ್ತಾರೆ. ಗಂಡ ನಿಲ್ಲುತ್ತೇನೆನ್ನುವುದು, ಹೆಂಡತಿ ಹೊರಡೋಣವೆನ್ನುವುದು, ಆ ವಾದ ಹೊಗೆಯ ನಡುವೆ ನಡೆಯುವುದು ಅಲ್ಲಿ ಹೊಸತೇನಲ್ಲ. ಮಕ್ಕಳಿಗೆ ಮೊದಲೇ ಒಂದು ಕೆಲಸ ಒಪ್ಪಿಸಿದ್ದರೆ ಅವರ ಗಾಬರಿಯೂ ಕಡಿಮೆ. ನಾಯಿಯ ಹಗ್ಗ ನನ್ನದು ಎಂದುಕೊಂಡ ಎಂಟು ವರ್ಷದವನು ಅದನ್ನು ಮರೆಯುವುದಿಲ್ಲ.

ಬೆಂಕಿ ಆರಿದ ಮೇಲಿನ ಕೆಲಸ ಇನ್ನೂ ಕಠಿಣ. ಕಾದ ನೆಲದ ಮೇಲೆ ನಿಂತ ಕುರಿಗಳ ಗೊರಸಿನ ಗಾಯ ಮೊದಲ ದಿನ ಕಾಣಿಸದೆ ಕೆಲವು ದಿನ ಕಳೆದ ಮೇಲೆ ಕಾಣಿಸುವುದುಂಟು. ಪಶುವೈದ್ಯರು ಒಂದೊಂದನ್ನೇ ನೋಡಿ, ಉಳಿಯುವುದು ಯಾವುದು, ನೋವು ಕೊನೆಗಾಣಿಸಬೇಕಾದದ್ದು ಯಾವುದು ಎಂದು ವಿಂಗಡಿಸುತ್ತಾರೆ. ಉಳಿದವಕ್ಕೆ ಮೇವಿಲ್ಲ, ಸುತ್ತ ಬೇಲಿಯೂ ಇಲ್ಲ. ಕಿಲ್ಮೋರ್ ಈಸ್ಟ್‌ನ ಒಬ್ಬ ರೈತ ದಂಪತಿಗಳು 2009ರಲ್ಲಿ ತಮ್ಮ ಸುಟ್ಟ ಬೇಲಿ ಕಟ್ಟಿಕೊಡಲು ನೆರವು ಕೇಳಿದಾಗ ಬಂದ ಜನರನ್ನು ಕಂಡು, ಅದನ್ನೇ 'ಬ್ಲೇಜ್‌ಏಡ್' ಎಂಬ ಸಂಸ್ಥೆಯಾಗಿ ಬೆಳೆಸಿದರು. ನಿವೃತ್ತರೂ ಪ್ರವಾಸಿಗರೂ ಬಂದು ಶಿಬಿರ ಹೂಡಿ ಅಪರಿಚಿತರ ಹೊಲಕ್ಕೆ ಬೇಲಿ ಹಾಕಿಕೊಡುತ್ತಾರೆ.

ನಮಗೆ ಇದರಲ್ಲಿ ಏನಿದೆ ಎನ್ನಬಹುದು. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದನ್ನು ಕಂಡವರು ಹಾಗೆನ್ನಲಾರರು. ಕಾಡಂಚಿನ ಹಳ್ಳಿಗಳಲ್ಲಿ ಕೊಟ್ಟಿಗೆ, ಹುಲ್ಲಿನ ಮೆದೆ, ಮನೆ ಮೂರೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಹಸುವಿನ ಕಣ್ಣಿಯನ್ನು ಕತ್ತಲಲ್ಲೂ ಒಂದೇ ಎಳೆತಕ್ಕೆ ಬಿಚ್ಚುವಂಥ ಗಂಟು ಹಾಕುವುದಕ್ಕೆ ಖರ್ಚೇನಿಲ್ಲ. ಮೆದೆಯನ್ನು ಕೊಟ್ಟಿಗೆಯಿಂದ ದೂರ ಒಟ್ಟುವುದಕ್ಕೂ ಇಲ್ಲ.

ಇನ್ನೊಂದು ಕೊಂಡಿಯೂ ಇದೆ. ನಮ್ಮ ಎಷ್ಟೋ ಹುಡುಗ ಹುಡುಗಿಯರು ಓದಲೆಂದು ಮೆಲ್ಬರ್ನ್‌ಗೆ ಹೋಗಿದ್ದಾರೆ. ಅಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಬೇಸಗೆ. ಕಾಲೇಜಿಗೆ ರಜೆಯೂ ಆಗಲೇ. ಗೆಳೆಯರೆಲ್ಲ ಸೇರಿ ಬಾಡಿಗೆ ಕಾರು ಹಿಡಿದು ಗ್ರೇಟ್ ಓಶನ್ ರೋಡಿನಲ್ಲಿ ಹೊರಡುತ್ತಾರೆ. ವೈ ರಿವರ್ ಇರುವುದು ಅದೇ ರಸ್ತೆಯಲ್ಲಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಡು. ಹೊರಡುವ ದಿನ ಬೆಳಿಗ್ಗೆ ರಾಜ್ಯದ ವಿಕ್‌ಎಮರ್ಜೆನ್ಸಿ ಆ್ಯಪ್ ನೋಡುವುದು ಎರಡು ನಿಮಿಷದ ಕೆಲಸ. ತುರ್ತಿಗೆ ಫೋನ್ ನಂಬರು ಮೂರು ಸೊನ್ನೆ. ಊರಿಂದ ಫೋನ್ ಮಾಡುವ ಅಪ್ಪ ಅಮ್ಮಂದಿರು ಊಟವಾಯಿತೇ ಎಂದು ಕೇಳಿದ ಮೇಲೆ, ಇವತ್ತು ಮುಳ್ಳು ಯಾವ ಬಣ್ಣದ ಮೇಲಿದೆ ಎಂದೂ ಒಂದು ಮಾತು ಕೇಳಬಹುದು.